ಓಪನ್ ಸೋರ್ಸ್ ಸಾಫ್ಟ್‌ವೇರಿನ ಲೈಸೆನ್ಸ್ ಬದಲಾದರೆ ನೀವೇನು ಮಾಡಬೇಕು?

"ಇಷ್ಟು ವರ್ಷ ಫ್ರೀ ಇತ್ತು, ಈಗ ಲೈಸೆನ್ಸ್ ಬದಲಾಯಿಸಿದ್ದಾರಂತೆ. ನನ್ನ ಕಂಪ್ಯೂಟರಿನಲ್ಲಿ ಇರೋದನ್ನ ತೆಗೆದುಹಾಕಬೇಕಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಸಣ್ಣ ಆಫೀಸು ನಡೆಸುವವರಿಗೆ ಜೊತೆಗೆ ಇನ್ನೊಂದು ಭಯ. ನಾಳೆ ಯಾರಾದರೂ ಪತ್ರ ಕಳಿಸಿ ದುಡ್ಡು ಕಟ್ಟಿ ಅಂದರೆ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ತೆಗೆದುಹಾಕಬೇಕಿಲ್ಲ. ಓಪನ್ ಸೋರ್ಸ್ ಲೈಸೆನ್ಸಿನಲ್ಲಿ ನಿಮ್ಮ ಕೈಗೆ ಬಂದ ಆವೃತ್ತಿ ಅದೇ ಲೈಸೆನ್ಸಿನಲ್ಲೇ ಉಳಿಯುತ್ತದೆ. ಹೊಸ ಲೈಸೆನ್ಸ್ ಅನ್ವಯಿಸುವುದು ಹೊಸ ಆವೃತ್ತಿಗೆ. ಹಾಗಾಗಿ ನಿಮಗೆ ತೊಂದರೆ ಬರುವುದು ಎರಡೇ ದಾರಿಯಲ್ಲಿ. ಒಂದು, ಏನೂ ನೋಡದೆ ಅಪ್‌ಡೇಟ್ ಒತ್ತಿದಾಗ. ಇನ್ನೊಂದು, ಹೆದರಿ ಅಪ್‌ಡೇಟನ್ನೇ ನಿಲ್ಲಿಸಿ ಹಳೆಯದರಲ್ಲೇ ವರ್ಷಗಟ್ಟಲೆ ಕೂತಾಗ. ಎರಡನೆಯದೇ ಜಾಸ್ತಿ ಅಪಾಯ. ಈ ಎರಡರ ನಡುವೆ ಹೇಗೆ ನಡೆಯಬೇಕು ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ನಾಲ್ಕು ಪದ

ಸೋರ್ಸ್ ಕೋಡ್ ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ. ಅದರಿಂದಲೇ ನೀವು ಬಳಸುವ ಆ್ಯಪ್ ತಯಾರಾಗುತ್ತದೆ.

ಲೈಸೆನ್ಸ್ ಅಂದರೆ ಆ ಬರಹದ ಹಕ್ಕು ಇರುವವರು ಕೊಟ್ಟ ಅನುಮತಿ ಪತ್ರ. ಬಳಸಬಹುದಾ, ತಿದ್ದಬಹುದಾ, ಇನ್ನೊಬ್ಬರಿಗೆ ಕೊಡಬಹುದಾ ಎಂದು ಅದರಲ್ಲಿ ಬರೆದಿರುತ್ತದೆ. ಜಿಪಿಎಲ್, ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಇವೆಲ್ಲ ಓಪನ್ ಸೋರ್ಸ್ ಲೈಸೆನ್ಸ್‌ಗಳು. ಜಿಪಿಎಲ್‌ನಲ್ಲಿ ಒಂದು ಕಟ್ಟುಪಾಡಿದೆ. ತಿದ್ದಿ ಹಂಚಿದರೆ, ತಿದ್ದಿದ ಕೋಡನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು. ಎಂಐಟಿ, ಬಿಎಸ್‌ಡಿ, ಅಪಾಚೆಯಲ್ಲಿ ಆ ಕಟ್ಟುಪಾಡು ಇಲ್ಲ. ಸುಮ್ನೆ ಬಳಸುವ ನಿಮಗೆ ಈ ಯಾವುದರಲ್ಲೂ ಅಡ್ಡಿ ಇಲ್ಲ. ಆಫೀಸಿಗಾದರೂ ಸರಿ, ಮನೆಗಾದರೂ ಸರಿ.

"ಸೋರ್ಸ್ ಕಾಣುತ್ತದೆ, ಆದರೆ ಓಪನ್ ಅಲ್ಲ" ಎಂಬ ಮೂರನೇ ಗುಂಪು ಒಂದಿದೆ. ಬಿಎಸ್‌ಎಲ್ (ಬಿಸಿನೆಸ್ ಸೋರ್ಸ್ ಲೈಸೆನ್ಸ್) ಮತ್ತು ಎಸ್‌ಎಸ್‌ಪಿಎಲ್ (ಸರ್ವರ್ ಸೈಡ್ ಪಬ್ಲಿಕ್ ಲೈಸೆನ್ಸ್) ಈ ಗುಂಪಿನವು. ಕೋಡ್ ಓದಬಹುದು, ಆದರೆ ಕೆಲವು ಬಗೆಯ ವ್ಯಾಪಾರಕ್ಕೆ ತಡೆ ಅಥವಾ ಭಾರವಾದ ಷರತ್ತು ಇರುತ್ತದೆ. ಯಾವುದನ್ನು ಓಪನ್ ಸೋರ್ಸ್ ಅನ್ನಬೇಕು ಎಂಬುದಕ್ಕೆ ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆ 10 ಅಂಶಗಳ ವ್ಯಾಖ್ಯೆ ಇಟ್ಟುಕೊಂಡಿದೆ. ಇವೆರಡೂ ಅದರ ಪಟ್ಟಿಯಲ್ಲಿ ಇಲ್ಲ.

ಫೋರ್ಕ್ ಅಂದರೆ ಕವಲು. ಹಳೆಯ ಲೈಸೆನ್ಸಿನ ಕೊನೆಯ ಕೋಡನ್ನು ತೆಗೆದುಕೊಂಡು, ಬೇರೆ ಗುಂಪೊಂದು ಬೇರೆ ಹೆಸರಿನಲ್ಲಿ ಕೆಲಸ ಮುಂದುವರಿಸುವುದು. ಪತ್ರ, ಲೆಕ್ಕ ಬರೆಯಲು ಬಳಸುವ ಲಿಬ್ರೆಆಫೀಸ್ ಹುಟ್ಟಿದ್ದು ಹೀಗೆಯೇ. 2010ರಲ್ಲಿ ಓಪನ್‌ಆಫೀಸ್ ಒರಾಕಲ್ ಎಂಬ ಕಂಪನಿಯ ಕೈಗೆ ಹೋದ ಮೇಲೆ, ಅದರ ಕೆಲಸಗಾರರಲ್ಲಿ ದೊಡ್ಡ ಗುಂಪು ಹೊರಬಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಬ್ರೆಆಫೀಸ್ ಶುರು ಮಾಡಿತು.

ಬೇಕಾಗುವುದು

ಒಂದು ಹಾಳೆ ಅಥವಾ ಸ್ಪ್ರೆಡ್‌ಶೀಟ್, ಬ್ಯಾಕಪ್‌ಗೆ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್, ಮನೆಯ ಕಂಪ್ಯೂಟರಿಗೆ ಅರ್ಧ ಗಂಟೆ. ಹತ್ತು ಕಂಪ್ಯೂಟರಿನ ಆಫೀಸಾದರೆ ಒಂದು ಶನಿವಾರ. ವಕೀಲರು ಬೇಕಿಲ್ಲ.

ಹಂತ 1: ಏನು ಬಳಸುತ್ತಿದ್ದೀರಿ ಎಂದು ಬರೆದುಕೊಳ್ಳಿ

ಹೆಸರು, ಆವೃತ್ತಿ ಸಂಖ್ಯೆ, ಎಲ್ಲಿಂದ ಇಳಿಸಿಕೊಂಡಿರಿ. ಈ ಮೂರು ಸಾಕು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ಸ್ ತೆರೆದರೆ ಪಟ್ಟಿ ಸಿಗುತ್ತದೆ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಹೆಲ್ಪ್ ಮೆನುವಿನ ಅಬೌಟ್ ಒತ್ತಿದರೆ ಆವೃತ್ತಿ ಕಾಣುತ್ತದೆ. ಫೋನಿನಲ್ಲಿ ಆ್ಯಪ್ ಇನ್ಫೋ ಪುಟದ ಕೆಳಗಡೆ ಇರುತ್ತದೆ.

ಆವೃತ್ತಿ ಸಂಖ್ಯೆಯನ್ನು ಪೂರ್ತಿ ಬರೆದುಕೊಳ್ಳಿ, ಚುಕ್ಕಿಯ ನಂತರದ್ದನ್ನೂ ಸೇರಿಸಿ. ಯಾಕೆ ಅನ್ನುವುದು ಹಂತ 3ರಲ್ಲಿ ಗೊತ್ತಾಗುತ್ತದೆ.

ಹಂತ 2: ನಿಜವಾಗಿ ಬದಲಾಗಿದ್ದು ಏನು?

ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. "ಲೈಸೆನ್ಸ್ ಬದಲಾಯಿತು" ಎಂದು ಹರಡುವ ಸುದ್ದಿಯ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿ ಇರಬಹುದು. ಲೈಸೆನ್ಸ್ ಬದಲಾಗಿರಬಹುದು. ಮಾಲೀಕರು ಬದಲಾಗಿರಬಹುದು. ಪ್ರೈವೆಸಿ ಪಾಲಿಸಿ, ಅಂದರೆ ನಿಮ್ಮ ಮಾಹಿತಿಯನ್ನು ಏನು ಮಾಡುತ್ತೇವೆ ಎಂಬ ಹೇಳಿಕೆ, ಬದಲಾಗಿರಬಹುದು. ಅಥವಾ ಕೋಡ್ ಓಪನ್ ಆಗಿಯೇ ಇದ್ದು, ಕಂಪನಿ ತಯಾರಿಸಿ ಕೊಡುವ ಇನ್‌ಸ್ಟಾಲರ್‌ಗೆ ಮಾತ್ರ ಹೊಸ ಷರತ್ತು ಬಂದಿರಬಹುದು. ನಾಲ್ಕಕ್ಕೂ ಪರಿಹಾರ ಬೇರೆ.

ಧ್ವನಿ ಎಡಿಟ್ ಮಾಡುವ ಅಡಾಸಿಟಿಯನ್ನೇ ನೋಡಿ. ಪಾಡ್‌ಕಾಸ್ಟ್ ಮಾಡುವವರು, ಹಾಡು ಕತ್ತರಿಸಿ ಜೋಡಿಸುವವರು ಎಲ್ಲರಿಗೂ ಗೊತ್ತಿರುವ ಸಾಫ್ಟ್‌ವೇರ್. 2021ರ ಏಪ್ರಿಲ್‌ನಲ್ಲಿ ಮ್ಯೂಸ್ ಗ್ರೂಪ್ ಅದನ್ನು ವಹಿಸಿಕೊಂಡಿತು. ಜುಲೈನಲ್ಲಿ ಹೊಸ ಪ್ರೈವೆಸಿ ಪಾಲಿಸಿ ಬಂತು. ಅದರ ಮಾತುಗಳು ಅಸ್ಪಷ್ಟವಾಗಿದ್ದವು. ಅಡಾಸಿಟಿ ಗೂಢಚಾರಿ ಆಗಿದೆ ಎಂಬ ಕೂಗು ಎದ್ದಿತು. ಕಂಪನಿ ಪಾಲಿಸಿಯನ್ನು ತಿದ್ದಿ ಮತ್ತೆ ಬರೆಯಿತು. ಲೈಸೆನ್ಸ್ ಕೂಡ ಬದಲಾಯಿತು ನಿಜ, ಆದರೆ ಜಿಪಿಎಲ್ 2ರಿಂದ ಜಿಪಿಎಲ್ 3ಕ್ಕೆ. ಎರಡೂ ಓಪನ್ ಸೋರ್ಸ್. ಬಳಸುವವರಿಗೆ ಲೈಸೆನ್ಸಿನಿಂದ ಒಂದು ರೂಪಾಯಿಯ ಕಷ್ಟವೂ ಆಗಲಿಲ್ಲ. ಪ್ರಶ್ನೆ ಇದ್ದದ್ದು ಪ್ರೈವೆಸಿಯ ಬಗ್ಗೆ.

ಇನ್ನೊಂದು, ಇದಕ್ಕೆ ಪೂರ್ತಿ ಉಲ್ಟಾ. ಆಂಡ್ರಾಯ್ಡ್‌ನಲ್ಲಿ ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಆ್ಯಪ್‌ಗಳ ಗುಂಪಿತ್ತು. ಸಿಂಪಲ್ ಗ್ಯಾಲರಿ, ಸಿಂಪಲ್ ಕ್ಯಾಲೆಂಡರ್, ಸಿಂಪಲ್ ನೋಟ್ಸ್ ಹೀಗೆ. ಜಾಹೀರಾತು ಇಲ್ಲ, ಬೇಡದ ಅನುಮತಿ ಕೇಳುವುದಿಲ್ಲ ಎಂದೇ ಹೆಸರಾಗಿದ್ದವು. 2023ರ ಕೊನೆಯಲ್ಲಿ ಆ ಗುಂಪನ್ನು ಜಿಪೋಆ್ಯಪ್ಸ್ ಎಂಬ ಕಂಪನಿಗೆ ಮಾರಲಾಯಿತು. ಹಳೆಯ ಕೋಡು ಜಿಪಿಎಲ್ 3ರಲ್ಲೇ ಉಳಿಯಿತು. ಆದರೆ ಪ್ಲೇ ಸ್ಟೋರಿನ ಅಪ್‌ಡೇಟ್ ಇನ್ನು ಮುಂದೆ ಯಾರು ತಯಾರಿಸುತ್ತಾರೆ ಎಂಬುದೇ ಬದಲಾಯಿತು. ಇಲ್ಲಿ ಲೈಸೆನ್ಸ್ ಓದುತ್ತಾ ಕೂತರೆ ಮುಖ್ಯ ವಿಷಯವೇ ತಪ್ಪಿಹೋಗುತ್ತದೆ. ಆ ಯೋಜನೆಯಲ್ಲಿ ಕೆಲಸ ಮಾಡಿದವರೇ ಹಳೆಯ ಕೋಡಿನಿಂದ ಫಾಸಿಫೈ ಎಂಬ ಕವಲು ತೆರೆದರು. ಅದು ಈಗ ಪ್ಲೇ ಸ್ಟೋರ್‌ನಲ್ಲೂ ಇದೆ, ಎಫ್-ಡ್ರಾಯ್ಡ್‌ನಲ್ಲೂ ಇದೆ. ಎಫ್-ಡ್ರಾಯ್ಡ್ ಅಂದರೆ ಮುಕ್ತ ಲೈಸೆನ್ಸಿನ ಆ್ಯಪ್‌ಗಳನ್ನಷ್ಟೇ ಇಡುವ ಆ್ಯಪ್ ಅಂಗಡಿ.

ನೀವು ಮಾಡಬೇಕಾದದ್ದು: ಸುದ್ದಿಯನ್ನು ಬಿಟ್ಟು ಯೋಜನೆಯ ಅಧಿಕೃತ ಪುಟಕ್ಕೆ ಹೋಗಿ. ಕೋಡ್ ಇಟ್ಟಿರುವ ಜಾಗದಲ್ಲಿ, ಹೆಚ್ಚಾಗಿ ಗಿಟ್‌ಹಬ್‌ನಲ್ಲಿ, ಲೈಸೆನ್ಸ್ ಎಂಬ ಹೆಸರಿನದೇ ಒಂದು ಫೈಲ್ ಇರುತ್ತದೆ. ಅದರ ಮೊದಲ ಎರಡು ಸಾಲಿನಲ್ಲಿ ಲೈಸೆನ್ಸಿನ ಹೆಸರು ಇರುತ್ತದೆ. ಫೈಲಿನ ಹಿಸ್ಟರಿ ಒತ್ತಿದರೆ ಯಾವ ದಿನ ಬದಲಾಯಿತು ಎಂಬುದೂ ಸಿಗುತ್ತದೆ. ಇಂಗ್ಲಿಷ್ ಕಾನೂನು ಭಾಷೆ ಪೂರ್ತಿ ಓದಬೇಕಿಲ್ಲ. ಹೆಸರು ಮತ್ತು ದಿನಾಂಕ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಹಂತ 3: ಯಾವ ಆವೃತ್ತಿಯಿಂದ ಬದಲಾಯಿತು?

ರೆಡಿಸ್ ಎಂಬ ಡೇಟಾಬೇಸ್ ಇದೆ. ನಿಮಗೆ ಹೆಸರು ಗೊತ್ತಿಲ್ಲದಿರಬಹುದು, ಆದರೆ ನೀವು ದಿನಾ ತೆರೆಯುವ ಎಷ್ಟೋ ವೆಬ್‌ಸೈಟುಗಳು ವೇಗವಾಗಿ ತೆರೆದುಕೊಳ್ಳುವುದು ಅದರಂಥ ಸಾಧನದಿಂದ. 2024ರ ಮಾರ್ಚ್ 20ರಂದು ಅದರ ಕಂಪನಿ ಬಿಎಸ್‌ಡಿ ಲೈಸೆನ್ಸ್ ಬಿಟ್ಟು ಷರತ್ತಿನ ಲೈಸೆನ್ಸ್‌ಗೆ ಹೋಗುವುದಾಗಿ ಹೇಳಿತು. ಆದರೆ 7.4ರಿಂದ ಮಾತ್ರ. 7.2 ಅಂದೂ ಬಿಎಸ್‌ಡಿ, ಇಂದೂ ಬಿಎಸ್‌ಡಿ. ಕೊಟ್ಟ ಅನುಮತಿಯನ್ನು ಕಂಪನಿ ವಾಪಸ್ ಪಡೆಯಲಿಲ್ಲ. ಜಿಪಿಎಲ್ 3 ಮತ್ತು ಅಪಾಚೆ 2.0ರಲ್ಲಂತೂ ಈ ಅನುಮತಿ ಹಿಂಪಡೆಯಲಾಗದ್ದು ಎಂದು ಬರೆದೇ ಇದೆ.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ "ಹಳೆಯ ಲೈಸೆನ್ಸಿನ ಕೊನೆಯ ಆವೃತ್ತಿ" ಎಂಬ ಕಾಲಂ ಸೇರಿಸಿ. ಸಣ್ಣ ಚುಕ್ಕಿಗೂ ಬೆಲೆ ಇದೆ. ಎಷ್ಟೋ ಪ್ರೋಗ್ರಾಂಗಳು ಓಡಲು ಬೇಕಾದ ಜಾವಾ ನೋಡಿ. ಒರಾಕಲ್‌ನ ಜಾವಾ 17ರಲ್ಲಿ 17.0.12ರವರೆಗೆ ಒಂದು ಲೈಸೆನ್ಸ್, 17.0.13ರಿಂದ ಬೇರೆ.

ಎಚ್ಚರ: ಆಟೊ ಅಪ್‌ಡೇಟ್ ಆನ್ ಇದ್ದರೆ ಈ ಗಡಿಯನ್ನು ನೀವು ಮಲಗಿದ್ದಾಗಲೇ ದಾಟಿರಬಹುದು. ಯೋಚಿಸಿ ತೀರ್ಮಾನಿಸುವವರೆಗೆ, ಆ ಒಂದು ಸಾಫ್ಟ್‌ವೇರಿಗೆ ಮಾತ್ರ ಆಟೊ ಅಪ್‌ಡೇಟ್ ಆಫ್ ಮಾಡಿ. ಕ್ಯಾಲೆಂಡರಿನಲ್ಲಿ ಎರಡು ವಾರದ ನಂತರದ ದಿನಕ್ಕೆ ಗುರುತು ಹಾಕಿ. ಆ ದಿನದೊಳಗೆ ತೀರ್ಮಾನ ಆಗಲೇಬೇಕು. ಸುರಕ್ಷತೆಯ ಅಪ್‌ಡೇಟ್ ಇಲ್ಲದೆ ಇಂಟರ್ನೆಟ್‌ಗೆ ತೆರೆದಿಟ್ಟ ಹಳೆಯ ಸಾಫ್ಟ್‌ವೇರ್ ಬೀಗ ಹಾಕದ ಮನೆ ಇದ್ದ ಹಾಗೆ.

ಹಂತ 4: ನೀವು ಯಾರು?

ಒಂದೇ ಲೈಸೆನ್ಸ್, ಬಳಸುವವರನ್ನು ನೋಡಿ ಅದರ ಪರಿಣಾಮ ಬೇರೆ.

ಮನೆಯಲ್ಲಿ ನಿಮ್ಮ ಕೆಲಸಕ್ಕೆ ಬಳಸುತ್ತೀರಾ? ಬಿಎಸ್‌ಎಲ್, ಎಸ್‌ಎಸ್‌ಪಿಎಲ್ ಬಂದರೂ ನಿಮಗೆ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಈ ಲೈಸೆನ್ಸ್‌ಗಳ ಗುರಿ ನೀವಲ್ಲ. ಒಬ್ಬರು ಬರೆದ ಸಾಫ್ಟ್‌ವೇರನ್ನು ತೆಗೆದುಕೊಂಡು ಕ್ಲೌಡ್ ಸೇವೆಯಾಗಿ ಮಾರುವ ದೊಡ್ಡ ಕಂಪನಿಗಳನ್ನು ತಡೆಯಲು ಅವು ಹುಟ್ಟಿದವು. 2018ರ ಅಕ್ಟೋಬರಿನಲ್ಲಿ ಮೊಂಗೊಡಿಬಿ ಎಂಬ ಡೇಟಾಬೇಸ್, 2021ರಲ್ಲಿ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಸಾಧನ, 2023ರ ಆಗಸ್ಟಿನಲ್ಲಿ ಸರ್ವರ್‌ಗಳನ್ನು ಸಜ್ಜುಗೊಳಿಸುವ ಟೆರಾಫಾರ್ಮ್ ಇದೇ ಕಾರಣ ಮುಂದಿಟ್ಟು ಬದಲಾದವು. ಬರೆದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಲೋಕದ ನೂರಾರು ಜನ ಪುಕ್ಕಟೆಯಾಗಿ ಕೈ ಸೇರಿಸಿ ಬೆಳೆಸಿದ್ದನ್ನು ಒಂದು ಬೆಳಿಗ್ಗೆ ಬೇಲಿಯೊಳಗೆ ಹಾಕುವುದು ಸರಿ ಎಂದು ನನಗೆ ಅನಿಸುವುದಿಲ್ಲ.

ಆಫೀಸು, ಅಂಗಡಿ, ಕ್ಲಿನಿಕ್ ನಡೆಸುತ್ತೀರಾ? ಆಗ ಎರಡು ಮಾತು ಹುಡುಕಿ. ಒಂದು, "ವಾಣಿಜ್ಯ ಬಳಕೆ". ಇನ್ನೊಂದು, ನೌಕರರ ಸಂಖ್ಯೆ ಅಥವಾ ವಾರ್ಷಿಕ ಆದಾಯದ ಮಿತಿ. ಪ್ರೋಗ್ರಾಮರ್‌ಗಳು ಬಳಸುವ ಡಾಕರ್ ಡೆಸ್ಕ್‌ಟಾಪ್ 2021ರ ಆಗಸ್ಟಿನಲ್ಲಿ ಇಂಥ ಮಿತಿ ತಂದಿತು. 250ಕ್ಕಿಂತ ಹೆಚ್ಚು ನೌಕರರು, ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ಇದ್ದರೆ ದುಡ್ಡು ಕಟ್ಟಬೇಕು. ಇಲ್ಲಿ "ಅಥವಾ" ಎಂಬ ಪದ ಗಮನಿಸಿ. ಎರಡರಲ್ಲಿ ಒಂದು ದಾಟಿದರೂ ಸಾಕು.

ಶಾಲೆ, ಕಾಲೇಜು, ಟ್ರಸ್ಟ್‌ನವರಿಗೆ: "ನಾವು ಲಾಭಕ್ಕಾಗಿ ಮಾಡುತ್ತಿಲ್ಲ, ನಮಗೆ ಫ್ರೀ ಇರುತ್ತದೆ" ಎಂದು ತಾನಾಗಿಯೇ ತಿಳಿಯಬೇಡಿ. ಕೆಲವರು ವಿನಾಯಿತಿ ಕೊಡುತ್ತಾರೆ, ಕೆಲವರು ಪಾಠಕ್ಕೆ ಮಾತ್ರ ಕೊಟ್ಟು ಆಡಳಿತದ ಕೆಲಸಕ್ಕೆ ಕೊಡುವುದಿಲ್ಲ. ವಿನಾಯಿತಿ ಇದ್ದರೆ ಆ ಪುಟವನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ.

ನಿಮ್ಮ ವೆಬ್‌ಸೈಟನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರೆ, ಅದರ ಹಿಂದಿನ ಡೇಟಾಬೇಸಿನ ಲೈಸೆನ್ಸ್ ಅವರ ತಲೆನೋವು. ಆದರೂ ಒಮ್ಮೆ ಕೇಳಿ. ಅವರ ಖರ್ಚು ಏರಿದರೆ ಬಿಲ್ಲು ನಿಮಗೇ ಬರುತ್ತದೆ, ಅಲ್ವಾ?

ಹಂತ 5: ಡೇಟಾ ಹೊರಗೆ ತೆಗೆದಿಡಿ

ಏನು ತೀರ್ಮಾನಿಸಿದರೂ ಇದನ್ನು ಮೊದಲು ಮಾಡಿ. ಲೈಸೆನ್ಸ್ ಇರುವುದು ಸಾಫ್ಟ್‌ವೇರಿಗೆ. ನಿಮ್ಮ ಫೋಟೊ, ಲೆಕ್ಕ, ಟಿಪ್ಪಣಿ ನಿಮ್ಮದೇ. ಆದರೆ ಅವು ಆ ಸಾಫ್ಟ್‌ವೇರಿಗೆ ಮಾತ್ರ ಓದಲು ಬರುವ ರೂಪದಲ್ಲಿದ್ದರೆ, ನಿಮ್ಮದಾಗಿದ್ದೂ ನಿಮ್ಮ ಕೈಗೆ ಸಿಗುವುದಿಲ್ಲ.

ಸೆಟ್ಟಿಂಗ್ಸ್ ಅಥವಾ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಹುಡುಕಿ. ಕ್ಯಾಲೆಂಡರನ್ನು ಐಸಿಎಸ್ ರೂಪದಲ್ಲಿ, ಕಾಂಟ್ಯಾಕ್ಟ್‌ಗಳನ್ನು ವಿಸಿಎಫ್ ರೂಪದಲ್ಲಿ, ಪಟ್ಟಿ ಮತ್ತು ಲೆಕ್ಕವನ್ನು ಸಿಎಸ್‌ವಿ ರೂಪದಲ್ಲಿ ತೆಗೆದಿಟ್ಟರೆ ಬೇರೆ ಯಾವ ಆ್ಯಪ್ ಬೇಕಾದರೂ ಓದುತ್ತದೆ. ಅಡಾಸಿಟಿಯಲ್ಲಿ ಪ್ರಾಜೆಕ್ಟ್ ಫೈಲ್ ಒಂದನ್ನೇ ಇಟ್ಟುಕೊಂಡರೆ ಸಾಲದು. ಮುಗಿದ ಧ್ವನಿಯನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲೂ ಉಳಿಸಿ.

ಎಚ್ಚರ: ಫೋನಿನಲ್ಲಿ ಹಳೆಯ ಆ್ಯಪ್ ತೆಗೆದು ಹೊಸದನ್ನು ಹಾಕುವ ಆತುರದಲ್ಲಿ ನೋಟ್ಸ್ ಕಳೆದುಕೊಂಡವರು ತುಂಬಾ ಜನ. ಆ್ಯಪ್‌ನೊಳಗೇ ಇರುವ ಟಿಪ್ಪಣಿಗಳು ಆ್ಯಪ್ ತೆಗೆದ ಕೂಡಲೇ ಹೋಗುತ್ತವೆ. ಮೊದಲು ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಹೊಸ ಆ್ಯಪ್‌ನಲ್ಲಿ ಇಂಪೋರ್ಟ್ ಮಾಡಿ, ತೆರೆದು ಕಣ್ಣಾರೆ ನೋಡಿ. ಕನ್ನಡ ಅಕ್ಷರಗಳು ಸರಿಯಾಗಿ ಬಂದಿವೆಯಾ ಅಂತಲೂ ನೋಡಿ. ಸಿಎಸ್‌ವಿ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಚೆಲ್ಲಾಪಿಲ್ಲಿ ಆಗುವುದುಂಟು. ಇಂಪೋರ್ಟ್ ಮಾಡುವಾಗ ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಹಳೆಯದನ್ನು ತೆಗೆಯಿರಿ.

ಹಂತ 6: ಇರುವುದಾ, ಕವಲಿಗೆ ಹೋಗುವುದಾ, ದುಡ್ಡು ಕಟ್ಟುವುದಾ?

ಮೂರೂ ಮರ್ಯಾದೆಯ ದಾರಿಗಳೇ. ಸಾಫ್ಟ್‌ವೇರ್ ಒಳ್ಳೆಯದಿದ್ದು, ಬೆಲೆ ನಿಮ್ಮ ಕೈಗೆ ಎಟುಕುವಂತಿದ್ದರೆ ಕಟ್ಟಿ ಬಳಸುವುದರಲ್ಲಿ ತಪ್ಪಿಲ್ಲ.

ಕವಲಿಗೆ ಹೋಗುವುದಾದರೆ ಆತುರ ಬೇಡ. ಲೈಸೆನ್ಸ್ ಸುದ್ದಿ ಬಂದ ವಾರದಲ್ಲಿ ಹತ್ತು ಕವಲು ಹುಟ್ಟುತ್ತವೆ, ಆರು ತಿಂಗಳಿಗೆ ಒಂದೋ ಎರಡೋ ಉಳಿಯುತ್ತವೆ. ಹೀಗೆ ಪರೀಕ್ಷಿಸಿ. ಕೊನೆಯ ಆವೃತ್ತಿ ಯಾವಾಗ ಬಂತು? ಮೂರು ತಿಂಗಳಲ್ಲಿ ಒಂದೂ ಬಂದಿಲ್ಲವೆಂದರೆ ಅನುಮಾನಪಡಿ. ಕೆಲಸ ಮಾಡುವವರು ಒಬ್ಬರಾ, ಹಲವರಾ? ಹಿಂದೆ ಯಾವ ಸಂಸ್ಥೆ ನಿಂತಿದೆ? ರೆಡಿಸ್‌ನ ಕವಲು ವಾಲ್‌ಕೀ ಇದಕ್ಕೆ ಒಳ್ಳೆಯ ಮಾದರಿ. ಲೈಸೆನ್ಸ್ ಬದಲಾಗಿ ಎಂಟೇ ದಿನಕ್ಕೆ ಲಿನಕ್ಸ್ ಫೌಂಡೇಶನ್ ಅದನ್ನು ಘೋಷಿಸಿತು. ಅಮೆಜಾನ್, ಗೂಗಲ್, ಒರಾಕಲ್ ಬೆನ್ನಿಗೆ ನಿಂತವು. ಫೆಡೋರಾ ಎಂಬ ಲಿನಕ್ಸ್ ತನ್ನ 41ನೇ ಆವೃತ್ತಿಯಲ್ಲಿ ರೆಡಿಸ್ ಜಾಗಕ್ಕೆ ವಾಲ್‌ಕೀಯನ್ನೇ ತಂದಿತು. ಟೆರಾಫಾರ್ಮ್‌ನ ಕವಲು ಓಪನ್‌ಟೋಫು ಕೂಡ ಹಾಗೆಯೇ ಗಟ್ಟಿಯಾಗಿ ನಿಂತಿದೆ.

ಆತುರ ಬೇಡ ಅನ್ನಲು ಇನ್ನೂ ಒಂದು ಕಾರಣ ಇದೆ. ಹೋದವರು ಕೆಲವೊಮ್ಮೆ ವಾಪಸ್ ಬರುತ್ತಾರೆ. ಎಲಾಸ್ಟಿಕ್‌ಸರ್ಚ್ 2024ರಲ್ಲಿ, ರೆಡಿಸ್ 2025ರ ಮೇ ತಿಂಗಳಲ್ಲಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸನ್ನೂ ಮತ್ತೆ ಆಯ್ಕೆಯಾಗಿ ಕೊಟ್ಟವು. ಅಷ್ಟರಲ್ಲಿ ಬಳಸುವವರಲ್ಲಿ ಎಷ್ಟೋ ಜನ ಕವಲಿಗೆ ಹೋಗಿಯಾಗಿತ್ತು.

ಎಚ್ಚರ: ಕವಲಿನ ಹೆಸರನ್ನು ಸರ್ಚ್ ಮಾಡಿ, ಮೇಲೆ ಬಂದ ಮೊದಲ ಲಿಂಕ್ ಒತ್ತಬೇಡಿ. ಅದು ಜಾಹೀರಾತು ಆಗಿರಬಹುದು, ನಕಲಿ ತಾಣವೂ ಆಗಿರಬಹುದು. ಕೋಡ್ ಇರುವ ಪುಟದಿಂದ ಅಧಿಕೃತ ತಾಣಕ್ಕೆ ಹೋಗಿ. ಫೋನಿನಲ್ಲಿ ಎಪಿಕೆ ಫೈಲನ್ನು ಗ್ರೂಪಿನಲ್ಲಿ ಯಾರೋ ಕಳಿಸಿದರು ಎಂದು ಹಾಕಲೇಬೇಡಿ.

ಹಂತ 7: ಜಾವಾ ಇರುವ ಸಣ್ಣ ಆಫೀಸಿಗೆ

ಈ ಹಂತವನ್ನು ಉದ್ದವಾಗಿ ಬರೆಯುತ್ತಿದ್ದೇನೆ. ನಮ್ಮ ಊರುಗಳ ಟ್ಯಾಕ್ಸ್ ಕನ್ಸಲ್ಟೆಂಟ್‌ಗಳು, ಆಡಿಟರ್ ಆಫೀಸಿನವರು ಕೇಳುವುದು ಇದನ್ನೇ. ಟಿಡಿಎಸ್ ರಿಟರ್ನ್ ತಯಾರಿಸುವ ಆರ್‌ಪಿಯು ಯುಟಿಲಿಟಿ ಜಾವಾದಲ್ಲಿ ಬರೆದದ್ದು. ಅದಕ್ಕಾಗಿ ಎಂದೋ ಹಾಕಿದ ಜಾವಾ ಎಲ್ಲ ಕಂಪ್ಯೂಟರಿನಲ್ಲೂ ಕೂತಿರುತ್ತದೆ. ಯಾರೂ ತಿರುಗಿ ನೋಡಿರುವುದಿಲ್ಲ.

ಜಾವಾದ ಮೂಲ ಕೋಡ್ ಓಪನ್‌ಜೆಡಿಕೆ. ಅದು ಜಿಪಿಎಲ್ 2ರಲ್ಲಿದೆ, ಬದಲಾಗಿಲ್ಲ. ಅದೇ ಕೋಡಿನಿಂದ ಒರಾಕಲ್ ತಯಾರಿಸಿ ಕೊಡುವ ಇನ್‌ಸ್ಟಾಲರ್‌ನ ಲೈಸೆನ್ಸ್ ಮಾತ್ರ ಬದಲಾಯಿತು. 2019ರ ಏಪ್ರಿಲ್ 16ರಿಂದ ಬಂದ ಜಾವಾ 8 ಅಪ್‌ಡೇಟ್‌ಗಳು ಸ್ವಂತ ಬಳಕೆಗೆ ಮತ್ತು ಪ್ರೋಗ್ರಾಂ ಬರೆಯುವವರಿಗೆ ಉಚಿತ. ವ್ಯವಹಾರದ ಬಳಕೆಗೆ ಚಂದಾ ಕಟ್ಟಬೇಕು. ಗಡಿ ಎಲ್ಲಿ ಅಂದರೆ, ಅಪ್‌ಡೇಟ್ 202ರವರೆಗೆ ಹಳೆಯ ಲೈಸೆನ್ಸ್, 211ರಿಂದ ಹೊಸದು. 2023ರ ಜನವರಿಯಲ್ಲಿ ಚಂದಾ ಲೆಕ್ಕವೂ ಬದಲಾಯಿತು. ಜಾವಾ ಎಷ್ಟು ಕಂಪ್ಯೂಟರಿನಲ್ಲಿದೆ ಎಂದು ಈಗ ಎಣಿಸುವುದಿಲ್ಲ. ಸಂಸ್ಥೆಯಲ್ಲಿ ಒಟ್ಟು ಎಷ್ಟು ನೌಕರರಿದ್ದಾರೆ ಎಂದು ಎಣಿಸುತ್ತಾರೆ. ಒಂದೇ ಕಂಪ್ಯೂಟರಿನಲ್ಲಿ ಜಾವಾ ಇದ್ದರೂ ಎಲ್ಲರ ತಲೆ ಲೆಕ್ಕಕ್ಕೆ ಬರುತ್ತದೆ.

ಪರಿಹಾರ ಸುಲಭ. ಅದೇ ಓಪನ್‌ಜೆಡಿಕೆಯಿಂದ ಬೇರೆಯವರು ತಯಾರಿಸಿದ ಉಚಿತ ಜಾವಾ ಹಾಕಿಕೊಳ್ಳಿ. ಎಕ್ಲಿಪ್ಸ್ ಫೌಂಡೇಶನ್ನಿನ ಅಡಾಪ್ಟಿಯಂ ಯೋಜನೆ ಕೊಡುವ ಟೆಮುರಿನ್ ಒಂದು. ಅಮೆಜಾನ್‌ನ ಕೊರೆಟ್ಟೊ ಇನ್ನೊಂದು. ಆಫೀಸಿನಲ್ಲೂ ದುಡ್ಡಿಲ್ಲದೆ ಬಳಸಬಹುದು, ಸುರಕ್ಷತೆಯ ಅಪ್‌ಡೇಟ್‌ಗಳೂ ಬರುತ್ತವೆ. ಮಾಡುವ ಕ್ರಮ ಇದು:

ಮೊದಲು ಈಗ ಯಾವುದಿದೆ ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ಜಾವಾ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಅಡ್ಡಗೆರೆ (-) ಹಾಕಿ, ಅದಕ್ಕೆ ಅಂಟಿಸಿ ವರ್ಷನ್ ಎಂದು ಬರೆದು ಎಂಟರ್ ಒತ್ತಿ. ಬಂದ ಉತ್ತರ "ಓಪನ್‌ಜೆಡಿಕೆ ವರ್ಷನ್" ಎಂದು ಶುರುವಾದರೆ ನಿಮ್ಮಲ್ಲಿ ಆಗಲೇ ಓಪನ್ ಸೋರ್ಸ್ ಜಾವಾ ಇದೆ. ಬರೀ "ಜಾವಾ ವರ್ಷನ್" ಎಂದು ಬಂದರೆ ಅದು ಒರಾಕಲ್‌ನದು. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಜಾವಾ ಇರುವುದು ಸಾಮಾನ್ಯ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯನ್ನೂ ನೋಡಿ ಎಲ್ಲವನ್ನೂ ಬರೆದುಕೊಳ್ಳಿ.

ಆಮೇಲೆ, ನಿಮ್ಮ ಯುಟಿಲಿಟಿ ಯಾವ ಜಾವಾ ಆವೃತ್ತಿ ಕೇಳುತ್ತದೆ ಎಂದು ಅದರ ಜೊತೆ ಬಂದ ಸೂಚನೆಯಲ್ಲಿ ನೋಡಿ. 8 ಕೇಳಿದರೆ 8ನ್ನೇ ಹಾಕಿ. ಹೊಸದು ಅಂದರೆ ಒಳ್ಳೆಯದು ಎಂದು 21 ಹಾಕಿದರೆ ಯುಟಿಲಿಟಿ ತೆರೆಯದೇ ಇರಬಹುದು. ಡೌನ್‌ಲೋಡ್ ಪುಟದಲ್ಲಿ ಜೆಆರ್‌ಇ ಆರಿಸಿ. ಅದು ಪ್ರೋಗ್ರಾಂ ಓಡಿಸಲು ಬೇಕಾದ ಭಾಗ. ಜೆಡಿಕೆ ಪ್ರೋಗ್ರಾಂ ಬರೆಯುವವರಿಗೆ. 32 ಬಿಟ್, 64 ಬಿಟ್ ಯಾವುದು ಬೇಕೆಂಬುದನ್ನೂ ಅದೇ ಸೂಚನೆಯಲ್ಲಿ ನೋಡಿಕೊಳ್ಳಿ.

ಟೆಮುರಿನ್ ಇನ್‌ಸ್ಟಾಲ್ ಮಾಡುವಾಗ ಒಂದು ಕಡೆ ಆಯ್ಕೆಗಳ ಪಟ್ಟಿ ಬರುತ್ತದೆ. ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಬೇಡಿ. ಜಾರ್ ಫೈಲ್‌ಗಳನ್ನು ಜಾವಾಗೆ ಜೋಡಿಸುವ ಆಯ್ಕೆ ಆನ್ ಇರಲಿ. ಜಾರ್ ಅಂದರೆ ಜಾವಾ ಪ್ರೋಗ್ರಾಂ ಇರುವ ಫೈಲು, ಡಬಲ್ ಕ್ಲಿಕ್ ಮಾಡಿದರೆ ತೆರೆಯಬೇಕು. ಜಾವಾ ಹೋಮ್ ಮತ್ತು ಜಾವಾಸಾಫ್ಟ್ ರಿಜಿಸ್ಟ್ರಿ ಎಂಬ ಎರಡು ಆಯ್ಕೆಗಳು ಮೊದಲಿಗೆ ಆಫ್ ಇರುತ್ತವೆ. ಅವನ್ನೂ ಆನ್ ಮಾಡಿ. ಜಾವಾ ಎಲ್ಲಿದೆ ಎಂದು ಹಳೆಯ ಪ್ರೋಗ್ರಾಂಗಳು ಅಲ್ಲಿ ಹುಡುಕುತ್ತವೆ.

ಒಂದು ಕಂಪ್ಯೂಟರಿನಲ್ಲಿ ಮಾತ್ರ ಇದನ್ನು ಮಾಡಿ, ಹಳೆಯ ತ್ರೈಮಾಸಿಕದ ಫೈಲೊಂದನ್ನು ತೆರೆದು, ವ್ಯಾಲಿಡೇಟ್ ಮಾಡಿ, ಪ್ರಿಂಟ್ ತೆಗೆಯುವವರೆಗೆ ಎಲ್ಲ ಪರೀಕ್ಷಿಸಿ. ಸರಿ ಬಂದರೆ ಉಳಿದ ಕಂಪ್ಯೂಟರ್‌ಗಳಿಗೆ ಹೋಗಿ. ಕೊನೆಗೆ ಒರಾಕಲ್ ಜಾವಾ ತೆಗೆಯಿರಿ.

ಕಿಟಕಿ ತೆರೆಯದೆ "ಜಾವಾಎಫ್‌ಎಕ್ಸ್" ಇಲ್ಲ ಎಂಬ ದೋಷ ಬಂದರೆ ಹೆದರಬೇಡಿ. ಪರದೆಯ ಬಟನ್, ಕಿಟಕಿ ತೋರಿಸಲು ಕೆಲವು ಪ್ರೋಗ್ರಾಂಗಳು ಬಳಸುವ ಭಾಗ ಅದು. ಟೆಮುರಿನ್‌ನಲ್ಲಿ ಬರುವುದಿಲ್ಲ. ಅಜುಲ್ ಜುಲು ಅಥವಾ ಲಿಬರಿಕಾ ಎಂಬ ಉಚಿತ ಜಾವಾಗಳಲ್ಲಿ ಎಫ್‌ಎಕ್ಸ್ ಸೇರಿಸಿದ ಆವೃತ್ತಿಯೇ ಇದೆ, ಅದನ್ನು ಹಾಕಿ.

ಎಚ್ಚರ: ಗಡುವಿನ ವಾರದಲ್ಲಿ ಇದಕ್ಕೆ ಕೈ ಹಾಕಲೇಬೇಡಿ. ಜುಲೈ 31 ಅಥವಾ ಅಕ್ಟೋಬರ್ 31ಕ್ಕೆ ರಿಟರ್ನ್ ಹಾಕಬೇಕಿದ್ದರೆ, ಅದು ಮುಗಿದ ಮರುವಾರ ಮಾಡಿ. ಇನ್ನೊಂದು ತಪ್ಪು, ಲೈಸೆನ್ಸ್ ಭಯಕ್ಕೆ ಅಪ್‌ಡೇಟ್ 202ಕ್ಕೆ ವಾಪಸ್ ಹೋಗಿ ಅಲ್ಲೇ ಕೂರುವುದು. ಅದು 2019ರ ಜನವರಿಯದು. ಅಂದಿನಿಂದ ಸಿಕ್ಕ ಸುರಕ್ಷತೆಯ ತೂತುಗಳೆಲ್ಲ ಅದರಲ್ಲಿ ಹಾಗೇ ತೆರೆದಿವೆ. ಗಿರಾಕಿಗಳ ಪ್ಯಾನ್, ಸಂಬಳದ ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಅದು ಬೇಡ.

ಹಂತ 8: ಮುಂದಿನ ಬಾರಿಗೆ ಮುನ್ಸೂಚನೆ

ಹೊಸ ಸಾಫ್ಟ್‌ವೇರ್ ಆರಿಸುವಾಗಲೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರ ಲೈಸೆನ್ಸನ್ನು ಒಬ್ಬರೇ ಕೂತು ಬದಲಾಯಿಸಲು ಸಾಧ್ಯವಾ?

ಕೋಡ್ ಬರೆದ ಪ್ರತಿಯೊಬ್ಬರ ಹಕ್ಕೂ ಅವರವರ ಬಳಿಯೇ ಇದ್ದರೆ, ಜಿಪಿಎಲ್‌ನಂಥ ಲೈಸೆನ್ಸ್ ಬದಲಾಯಿಸಲು ಅವರೆಲ್ಲರ ಒಪ್ಪಿಗೆ ಬೇಕು. ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ವ್ಯವಸ್ಥೆಯ ತಿರುಳು, ಹಾಗಿದೆ. ಸಾವಿರಾರು ಜನ ಬರೆದಿದ್ದಾರೆ, ಎಲ್ಲರನ್ನೂ ಹುಡುಕಿ ಒಪ್ಪಿಸುವುದು ಆಗದ ಮಾತು. ವಿಎಲ್‌ಸಿ ಪ್ಲೇಯರ್‌ನವರು ತಮ್ಮ ಮುಖ್ಯ ಭಾಗಗಳನ್ನು ಜಿಪಿಎಲ್‌ನಿಂದ ಇನ್ನಷ್ಟು ಸಡಿಲವಾದ ಎಲ್‌ಜಿಪಿಎಲ್‌ಗೆ ತರಲು ಹೊರಟಾಗ, ಹಳೆಯ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೇಳಬೇಕಾಯಿತು. ಅದೇ, ಕೋಡ್ ಕೊಡುವವರಿಂದ ಸಿಎಲ್‌ಎ ಎಂಬ ಒಪ್ಪಂದಕ್ಕೆ ಸಹಿ ಪಡೆಯುವ ಯೋಜನೆಗಳಲ್ಲಿ ಲೈಸೆನ್ಸ್ ಬದಲಿಸುವ ಅಧಿಕಾರ ಹೆಚ್ಚಾಗಿ ಕಂಪನಿಯ ಕೈಯಲ್ಲಿ ಇರುತ್ತದೆ. ಸಿಎಲ್‌ಎ ಇದ್ದರೆ ಕೆಟ್ಟದ್ದು ಎಂದಲ್ಲ. ಆದರೆ ಸಿಎಲ್‌ಎ ಇದೆ, ಒಂದೇ ಕಂಪನಿ ನಡೆಸುತ್ತಿದೆ, ಅದಕ್ಕೆ ಹೂಡಿಕೆದಾರರ ಒತ್ತಡ ಇದೆ, ಮೂರೂ ಸೇರಿದರೆ ಎಕ್ಸ್‌ಪೋರ್ಟ್ ದಾರಿಯನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಲಿನಕ್ಸ್ ಬಳಸುವವರಿಗೆ ಒಂದು ಅನುಕೂಲ ಇದೆ. ಡೆಬಿಯನ್ ಎಂಬ ಲಿನಕ್ಸಿನ ಮುಖ್ಯ ಸಂಗ್ರಹದಲ್ಲಿ ಮುಕ್ತ ಲೈಸೆನ್ಸಿನವು ಮಾತ್ರ ಇರುತ್ತವೆ. ಅಲ್ಲಿಂದಲೇ ಹಾಕಿಕೊಂಡರೆ ಈ ಕಾವಲು ಕೆಲಸ ನಿಮ್ಮ ಪರವಾಗಿ ಬೇರೆಯವರು ಮಾಡಿರುತ್ತಾರೆ. ಫೋನಿನಲ್ಲಿ ಎಫ್-ಡ್ರಾಯ್ಡ್ ಇದೇ ಕೆಲಸ ಮಾಡುತ್ತದೆ.

ಹಂತ 9: ನೀವೂ ಕೈ ಸೇರಿಸಿದ್ದರೆ

ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನ ಮೆನುಗಳನ್ನು ಕನ್ನಡಕ್ಕೆ ತರುವವರು, ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ತಮ್ಮ ಊರಿನ ಬೀದಿಗೆ ಕನ್ನಡ ಹೆಸರು ಬರೆಯುವವರು ನಮ್ಮಲ್ಲಿ ಇದ್ದಾರೆ. ನೀವು ಅವರಲ್ಲಿ ಒಬ್ಬರಾದರೆ ನಿಮಗೆ ಬಳಕೆಯ ಹಕ್ಕಿನ ಜೊತೆಗೆ, ಕೆಲಸ ಕೊಟ್ಟವರಾಗಿ ಮಾತಾಡುವ ಹಕ್ಕೂ ಇದೆ. ಸಹಿ ಅಥವಾ ಟಿಕ್ ಹಾಕುವ ಮುಂಚೆ ಸಿಎಲ್‌ಎ ಓದಿ. ಲೈಸೆನ್ಸ್ ಬದಲಿಸುವ ಹಕ್ಕನ್ನು ಕೊಡುತ್ತಿದ್ದೀರಾ ಎಂಬುದನ್ನಷ್ಟೇ ಹುಡುಕಿದರೂ ಸಾಕು. ನೀವು ಮಾಡಿದ ಅನುವಾದದ ಒಂದು ಪ್ರತಿ ನಿಮ್ಮಲ್ಲಿರಲಿ.

ಖಾತೆಗೆ ಕೊಟ್ಟ ಇಮೇಲ್ ಚಾಲ್ತಿಯಲ್ಲಿರಲಿ. 2012ರ ಸೆಪ್ಟೆಂಬರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತನ್ನ ಲೈಸೆನ್ಸನ್ನು ಓಡಿಬಿಎಲ್ ಎಂಬ ಡೇಟಾಬೇಸ್ ಲೈಸೆನ್ಸ್‌ಗೆ ಬದಲಾಯಿಸಿತು. ಅದಕ್ಕೂ ಮುಂಚೆ ನಕ್ಷೆ ಬರೆದ ಪ್ರತಿಯೊಬ್ಬರನ್ನೂ ಒಪ್ಪಿಗೆ ಕೇಳಿತು. ಒಪ್ಪದವರ ಗೆರೆಗಳನ್ನೂ, ಉತ್ತರವನ್ನೇ ಕೊಡದವರ ಗೆರೆಗಳನ್ನೂ ನಕ್ಷೆಯಿಂದ ತೆಗೆಯಬೇಕಾಯಿತು. ಅಂಥ ಪತ್ರ ನಿಮಗೆ ಬಂದಾಗ ಒಪ್ಪಿಗೆ ಇದೆ ಅಥವಾ ಇಲ್ಲ ಎಂದು ಉತ್ತರ ಬರೆಯಿರಿ.